ಅಜೀಜನ ಜೊತೆ ನಕ್ಕ ಮೇಲೆ

ಒಬ್ಬ ತಾಯಿ ಸಾಯುತ್ತಿರುವ ಮಗುವನ್ನು ಎತ್ತಿಕೊಂಡು ನಿಂತಿದ್ದಾಳೆ. ವೈದ್ಯನ ಬಳಿಗೆ ಹೋಗಲು ಬಿಡಿ ಎಂದು ಅಧಿಕಾರಿಯ ಮುಂದೆ ಅಂಗಲಾಚುತ್ತಿದ್ದಾಳೆ. ಅವನು ಅಪ್ಪಣೆಗೆ ಬೆಲೆ ಕಟ್ಟುತ್ತಾನೆ. ಅವಳ ಗಂಟಿನಲ್ಲಿರುವುದು ವೈದ್ಯನಿಗೆಂದು ಇಟ್ಟುಕೊಂಡ ಹಣ ಮಾತ್ರ. ಮಗು ಹೇಗೂ ಉಳಿಯುವುದಿಲ್ಲ, ವೈದ್ಯನಿಗೆ ಸುರಿಯುವ ಹಣವನ್ನು ನನಗೇ ಕೊಟ್ಟರೆ ಆಕೆಗೇ ಒಳ್ಳೆಯದು ಎಂಬ ಲೆಕ್ಕವನ್ನು ಅವನು ಗೆಳೆಯನಿಗೆ ಒಪ್ಪಿಸುತ್ತಾನೆ.

ಆಗ ಸಭಾಂಗಣ ನಗುತ್ತದೆ.

ಗಿರೀಶ್ ಕಾರ್ನಾಡರ 'ತುಘಲಕ್' ನಾಟಕವನ್ನು ನಾವು ಬೇರೆ ಬೇರೆ ತಂಡಗಳಿಂದ ನೋಡಿದ್ದೇವೆ. ಈ ದೃಶ್ಯದಲ್ಲಿ ನಗು ಕೆಲವೊಮ್ಮೆ ಜೋರಾಗಿ, ಕೆಲವೊಮ್ಮೆ ಅಳುಕುತ್ತಾ ಬರುತ್ತದೆ. ಆದರೆ ಬಾರದೆ ಇದ್ದದ್ದನ್ನು ನಾವು ಕಂಡಿಲ್ಲ. ಈಚೆಗೆ ರವೀಂದ್ರ ಕಲಾಕ್ಷೇತ್ರದಲ್ಲಿ ಮತ್ತೊಮ್ಮೆ ಈ ನಾಟಕ ನೋಡಲು ಅಟ್ಟೂರಿನಿಂದ ಆರು ಮಂದಿ ಹೊರಟಿದ್ದೆವು. ಯಲಹಂಕದ ಗಾಲಿ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಚಾಚಾ, ಪಕ್ಕದ ರಸ್ತೆಯ ಕನ್ನಡ ಮೇಷ್ಟ್ರು, ಮನೆಯಲ್ಲೇ ಹೊಲಿಗೆ ಮಾಡುವ ಆಪಾ, ಅವರ ಕಾಲೇಜು ಓದುವ ಮಗ ಮತ್ತು ನಾವಿಬ್ಬರು. ನಾಟಕ ಮುಗಿಸಿ ಬಸ್ ಹತ್ತಿದ ಮೇಲೆ ಮೇಖ್ರಿ ವೃತ್ತ ದಾಟುವವರೆಗೂ ಯಾರೂ ಹೆಚ್ಚು ಮಾತಾಡಲಿಲ್ಲ. ಹೆಬ್ಬಾಳದ ಮೇಲ್ಸೇತುವೆ ಹತ್ತುವಾಗ ಆಪಾ ಕೇಳಿದರು: "ಮಗು ಸಾಯ್ತಾ ಇತ್ತಲ್ಲ, ಜನ ಯಾಕೆ ನಕ್ಕರು?" ಸ್ವಲ್ಪ ತಡೆದು ತಾವೇ ಸೇರಿಸಿದರು: "ನಾನೂ ನಕ್ಕೆ. ಅದಕ್ಕೇ ಕೇಳ್ತಿದ್ದೀನಿ."

ಈ ಬರಹ ಆಪಾ ಕೇಳಿದ ಪ್ರಶ್ನೆಯ ಬೆನ್ನು ಹತ್ತಿ ಬರೆದದ್ದು. ನಾವು ನೋಡಿದ ತಂಡದ ಹೆಸರು ಇಲ್ಲಿ ಮುಖ್ಯವಲ್ಲ, ಏಕೆಂದರೆ ನಮ್ಮ ವಿಮರ್ಶೆ ರಂಗದ ಮೇಲಿದ್ದವರಿಗಿಂತ ಕುರ್ಚಿಗಳಲ್ಲಿ ಕುಳಿತಿದ್ದ ನಮ್ಮ ಕುರಿತಾಗಿದೆ.

ಪರದೆಯ ಮುಂದಿನ ಇಬ್ಬರು

ಕನ್ನಡದಲ್ಲಿ 'ತುಘಲಕ್ ದರ್ಬಾರ್' ಎಂಬುದು ಬೈಗುಳವಾಗಿ ಬಹಳ ಕಾಲವಾಯಿತು. ಆಡಳಿತಗಾರನೊಬ್ಬ ಮನಸೋ ಇಚ್ಛೆ ಆಜ್ಞೆ ಹೊರಡಿಸಿದರೆ ಪತ್ರಿಕೆಯ ಶೀರ್ಷಿಕೆಗೆ ಈ ಮಾತು ಸಿದ್ಧವಾಗಿರುತ್ತದೆ. 2016ರ ನವೆಂಬರ್‌ನಲ್ಲಿ 500 ಮತ್ತು 1000 ರೂಪಾಯಿಯ ನೋಟುಗಳು ರದ್ದಾದಾಗ 14ನೇ ಶತಮಾನದ ಆ ಸುಲ್ತಾನ, ಅವನ ತಾಮ್ರದ ನಾಣ್ಯದ ಸಮೇತ, ಎಲ್ಲರ ಬಾಯಲ್ಲೂ ಬಂದ. ಹೀಗೆ ಹೆಸರೇ ನಗೆಗೆ ಹೇಳಿ ಮಾಡಿಸಿದಂತಾಗಿರುವ ವ್ಯಕ್ತಿಯ ನಾಟಕಕ್ಕೆ ಪ್ರೇಕ್ಷಕ ನಗಲು ತಯಾರಾಗಿಯೇ ಬರುತ್ತಾನೆ. ಆದರೆ ನಾಟಕದಲ್ಲಿ ನಗು ಹುಟ್ಟುವುದು ಸುಲ್ತಾನನಿಂದಲ್ಲ, ಅಜೀಜ್ ಮತ್ತು ಆಜಂ ಎಂಬ ಇಬ್ಬರಿಂದ. ಅಜೀಜ್ ಒಬ್ಬ ಅಗಸ, ಆಜಂ ಜೇಬುಗಳ್ಳ.

ಕಾರ್ನಾಡರು ಈ ನಾಟಕ ಬರೆದದ್ದು 1964ರಲ್ಲಿ, ಇಪ್ಪತ್ತಾರರ ವಯಸ್ಸಿನಲ್ಲಿ. ಧಾರವಾಡದ ಮನೋಹರ ಗ್ರಂಥಮಾಲೆ ಅದನ್ನು ಪ್ರಕಟಿಸಿತು. ಹದಿಮೂರು ದೃಶ್ಯಗಳ ಈ ನಾಟಕದ ಕಟ್ಟಡವನ್ನು ಅವರು ಪಾರ್ಸಿ ರಂಗಭೂಮಿಯಿಂದ, ಅಂದರೆ ನಮ್ಮ ಕಂಪನಿ ನಾಟಕಗಳಿಗೂ ಮೂಲವಾದ ಸಂಪ್ರದಾಯದಿಂದ ಪಡೆದರು. ಅಲ್ಲಿ ಎರಡು ಬಗೆಯ ದೃಶ್ಯಗಳಿರುತ್ತಿದ್ದವು. ರಂಗದ ಆಳವನ್ನೆಲ್ಲ ಬಳಸುವ ಅರಮನೆ, ದರ್ಬಾರಿನ ದೃಶ್ಯ ಒಂದು. ಆ ದರ್ಬಾರನ್ನು ಹಿಂದುಗಡೆ ಜೋಡಿಸುತ್ತಿರುವಾಗ ಮುಂದೆ ಚಿತ್ರದ ಪರದೆ ಇಳಿಬಿಟ್ಟು, ಹೊತ್ತು ಕಳೆಯಲು ಹಾಸ್ಯಗಾರರನ್ನು ಕಳಿಸುವ ಕಿರುದೃಶ್ಯ ಇನ್ನೊಂದು. ದೊಡ್ಡವರು ಹಿಂದೆ, ಬೀದಿಯ ಜನ ಮುಂದೆ. ಗಂಭೀರ ಸಂಗತಿ ಅಲ್ಲಿ, ತಮಾಷೆ ಇಲ್ಲಿ.

ಅಜೀಜ್ ಮತ್ತು ಆಜಂ ಈ ಪರದೆಯ ಮುಂದಿನ ಹಾಸ್ಯಗಾರರ ವಂಶದವರು. ಆದರೆ ಬರೆಯುತ್ತಾ ಹೋದಂತೆ ಆ ಹಳೆಯ ಸಮತೋಲವನ್ನು ಕಾಯ್ದುಕೊಳ್ಳುವುದು ಕಷ್ಟವಾಯಿತೆಂದು ಕಾರ್ನಾಡರೇ ಮುಂದೆ ಹೇಳಿಕೊಂಡರು. ಬೀದಿ ಉಬ್ಬುತ್ತಾ ಹೋಗಿ ದರ್ಬಾರನ್ನು ನುಂಗಲು ಬಂತು. ಕೊನೆಯ ದೃಶ್ಯದಲ್ಲಿ ಹಾಸ್ಯಗಾರ ಪರದೆ ದಾಟಿ ಸಿಂಹಾಸನದ ಮುಂದೆಯೇ ನಿಲ್ಲುತ್ತಾನೆ. ಐತಿಹಾಸಿಕ ನಾಟಕದ ಹೊಟ್ಟೆಯಲ್ಲಿ ಒಂದು ಕರಾಳ ಹಾಸ್ಯನಾಟಕ ಬೆಳೆಯುವ ಪರಿ ಇದು. ಯು.ಆರ್. ಅನಂತಮೂರ್ತಿಯವರು 1972ರ ಇಂಗ್ಲಿಷ್ ಆವೃತ್ತಿಗೆ ಬರೆದ ಮುನ್ನುಡಿಯಲ್ಲಿ ಈ ನಾಟಕವನ್ನು ನೆಹರೂ ಯುಗದ ಬಳಿಕದ ಭ್ರಮನಿರಸನದೊಂದಿಗೆ ಜೋಡಿಸಿದರು. ಅಂದಿನಿಂದ ವಿಮರ್ಶೆಯ ಕಣ್ಣೆಲ್ಲ ಸುಲ್ತಾನನ ಮೇಲೆಯೇ. ಸಿ.ಆರ್. ಸಿಂಹ ಅವರ ತುಘಲಕ್, ದಿಲ್ಲಿಯ ಹಳೆಯ ಕೋಟೆಯಲ್ಲಿ ಇಬ್ರಾಹಿಂ ಅಲ್ಕಾಜಿ ಆಡಿಸಿದಾಗ ಮನೋಹರ್ ಸಿಂಗ್ ಅವರ ತುಘಲಕ್, ಹೀಗೆ ರಂಗಭೂಮಿ ನೆನಪಿಟ್ಟುಕೊಂಡದ್ದೂ ಸುಲ್ತಾನರನ್ನೇ. ಸಭಿಕರು ಮನೆಗೆ ಹೋಗುತ್ತಾ ನೆನೆದು ನಗುವುದು ಮಾತ್ರ ಅಜೀಜನನ್ನು.

ನಗುವಾಗ ಪಕ್ಕಕ್ಕೆ ನೋಡುವವರು

ನಾಟಕ ತೆರೆಯುವುದು ದಿಲ್ಲಿಯ ನ್ಯಾಯಾಲಯದ ಮುಂದೆ. ವಿಷ್ಣುಪ್ರಸಾದನೆಂಬ ಬ್ರಾಹ್ಮಣ, ತನ್ನ ಜಮೀನನ್ನು ಸುಲ್ತಾನನ ಅಧಿಕಾರಿಗಳು ಕಿತ್ತುಕೊಂಡರೆಂದು ಸುಲ್ತಾನನ ಮೇಲೆಯೇ ದಾವೆ ಹೂಡಿ ಗೆದ್ದಿದ್ದಾನೆ. ಅವನಿಗೆ ಐನೂರು ದಿನಾರು ಪರಿಹಾರ, ಮೇಲೊಂದು ಸರಕಾರಿ ಹುದ್ದೆ. ಜನ ಚದುರಿದ ಮೇಲೆ ಗೊತ್ತಾಗುತ್ತದೆ, ಆ ಬ್ರಾಹ್ಮಣ ನಮ್ಮ ಅಜೀಜನೇ. ಮುಸ್ಲಿಮನೊಬ್ಬ ದಾವೆ ಹೂಡಿ ಗೆದ್ದರೆ ಸುಲ್ತಾನನ ನಿಷ್ಪಕ್ಷಪಾತಕ್ಕೆ ಏನು ಪುರಾವೆ? ಗೆದ್ದವನು ಬ್ರಾಹ್ಮಣನಾದರೆ ತಾನೇ ಅದು ಸುದ್ದಿ? ಸುಲ್ತಾನನಿಗೆ ಬೇಕಾದ ಪ್ರದರ್ಶನವನ್ನು ಅವನೇ ತಯಾರಿಸಿ ಕೊಟ್ಟು ದುಡ್ಡು ಎಣಿಸಿಕೊಳ್ಳುತ್ತಾನೆ.

ಇಲ್ಲಿ ಎಲ್ಲರೂ ನಗುತ್ತಾರೆ. ಅದೇ ದೃಶ್ಯದಲ್ಲಿ ಇನ್ನೊಂದು ನಗುವೂ ಇದೆ. ಜಿಜಿಯಾ ತೆರಿಗೆ ತೆಗೆದು ಹಾಕಿದ್ದಕ್ಕೆ ಗುಂಪಿನ ಮುಸ್ಲಿಂ ಮುದುಕ ಗೊಣಗುತ್ತಾನೆ. ವಿಚಿತ್ರವೆಂದರೆ ಅಲ್ಲಿರುವ ಹಿಂದೂವಿಗೂ ಸಂತೋಷವಿಲ್ಲ. ಬೈದು ಒದೆಯುವ ಸುಲ್ತಾನನನ್ನು ನಂಬಬಹುದು, ನೀನೂ ಮನುಷ್ಯ ಎನ್ನುವ ಸುಲ್ತಾನನನ್ನು ಹೇಗೆ ನಂಬುವುದು ಎಂಬುದು ಅವನ ಅಂಜಿಕೆ. ದ್ವೇಷಕ್ಕೆ ಹೊಂದಿಕೊಂಡವನಿಗೆ ಸ್ನೇಹವೇ ಸಂಶಯ ತರುತ್ತದೆ. ಹಿಂದೂ ಮುಸ್ಲಿಂ ಎಂಬ ಭೇದವಿಲ್ಲದೆ ಸಭಾಂಗಣ ಒಟ್ಟಿಗೆ ನಗುವ ಜಾಗ ಇದು. ನಮ್ಮ ಮೇಷ್ಟ್ರು ಮತ್ತು ಚಾಚಾ ಪರಸ್ಪರ ಮುಖ ನೋಡಿ ನಕ್ಕದ್ದು ಇಲ್ಲೇ.

ಆದರೆ ಅಜೀಜನ ವೇಷದ ವಿಷಯದಲ್ಲಿ ನಗು ಅಷ್ಟು ಸಲೀಸಲ್ಲ. ಸಭಾಂಗಣದಲ್ಲಿ ಕುಳಿತ ಮುಸ್ಲಿಂ ಪ್ರೇಕ್ಷಕನಿಗೆ ಒಂದು ಅಭ್ಯಾಸವಿರುತ್ತದೆ. ಜೋರಾದ ನಗು ಎದ್ದಾಗ ಅವನು ಒಂದು ಕ್ಷಣ ಪಕ್ಕಕ್ಕೆ ನೋಡುತ್ತಾನೆ. ಇವರು ಕಾನೂನಿನ ಡೊಂಕಿಗೆ ನಗುತ್ತಿದ್ದಾರೋ, ಬ್ರಾಹ್ಮಣನ ವೇಷ ಹಾಕಿ ಎಲ್ಲರನ್ನೂ ವಂಚಿಸುವ 'ಆ ಜನ'ಕ್ಕೆ ನಗುತ್ತಿದ್ದಾರೋ? ಆಪಾರ ಮಗ ಈ ಮಾತನ್ನು ನೇರವಾಗಿಯೇ ಹೇಳಿದ. "ಅಜೀಜ್ ಅಂತ ಹೆಸರಿಟ್ಟು ಕಳ್ಳ ಮಾಡಿದ್ದಾರೆ. ಹಿಂದಿನ ಸಾಲಿನಲ್ಲಿ ಒಬ್ಬರು ಏನಂದ್ರು ಗೊತ್ತಾ? 'ಇವರೆಲ್ಲ ಹೀಗೇನೇ' ಅಂದ್ರು." ಚಾಚಾ ಅವನಿಗೆ ಉತ್ತರ ಕೊಡಲಿಲ್ಲ. ಮೇಷ್ಟ್ರು ತಲೆ ತಗ್ಗಿಸಿದರು.

ಹುಡುಗನ ಸಿಟ್ಟನ್ನು ನಾವು ತಳ್ಳಿಹಾಕುವುದಿಲ್ಲ. ಆದರೆ ಈ ನಾಟಕದಲ್ಲಿ ಆದರ್ಶವಾದಿಯೂ ಮುಸ್ಲಿಮನೇ, ಕೊಲೆಗಾರನೂ ಮುಸ್ಲಿಮನೇ. ಸತ್ಯ ಹೇಳಿ ಸಾಯುವ ಧರ್ಮಗುರು, ಮನಸ್ಸಾಕ್ಷಿಯಿಂದ ಒದ್ದಾಡುವ ಇತಿಹಾಸಕಾರ, ಕುತಂತ್ರಿ ಅಮೀರರು, ಗೆಳೆಯನ ಕ್ರೌರ್ಯಕ್ಕೆ ನಡುಗುವ ಜೇಬುಗಳ್ಳ ಆಜಂ, ಎಲ್ಲರೂ ಮುಸ್ಲಿಮರೇ. ಒಂದು ಸಮುದಾಯಕ್ಕೆ ಇಷ್ಟು ಬಗೆಯ ಮನುಷ್ಯರನ್ನು ಕೊಟ್ಟ ಕನ್ನಡ ನಾಟಕಗಳು ಎಷ್ಟಿವೆ? ಸಿನೆಮಾಗಳಲ್ಲಿ ನಮಗೆ ಸಿಗುವುದು ಒಂದೋ ಭಯೋತ್ಪಾದಕ, ಇಲ್ಲವೇ ನಾಯಕನಿಗಾಗಿ ಪ್ರಾಣ ಬಿಡುವ ಒಳ್ಳೆಯ ಗೆಳೆಯ. ಕಾರ್ನಾಡರು ಅಜೀಜನಿಗೆ ಬುದ್ಧಿ ಕೊಟ್ಟರು, ಮಾತು ಕೊಟ್ಟರು, ತನ್ನ ಪಾಪಕ್ಕೆ ತಾನೇ ವಕೀಲನಾಗುವ ಚಾತುರ್ಯ ಕೊಟ್ಟರು. ಹಿಂದಿನ ಸಾಲಿನವರ ಮಾತು ನಾಟಕದಲ್ಲಿ ಇರಲಿಲ್ಲ. ಅದನ್ನು ಅವರು ಮನೆಯಿಂದಲೇ ತಂದಿದ್ದರು. ಆದರೂ ನಾಟಕ ಆಡುವವರು ಇಂಥ ಮಾತಿಗೆ ಎಡೆ ಮಾಡಿಕೊಡಬಾರದು. ಅಜೀಜನ ಕಣ್ಣಿಗೆ ದಪ್ಪ ಸುರುಮಾ ಹಚ್ಚಿ, ಅವನಿಗೆ ಹರಕು ಮುರುಕು ಉಚ್ಚಾರಣೆ ಕೊಟ್ಟು ಚಪ್ಪಾಳೆ ಗಿಟ್ಟಿಸುವ ನಿರ್ದೇಶಕ ನಗುವಿನ ಗುರಿಯನ್ನೇ ಬದಲಿಸುತ್ತಾನೆ. ಆಗ ವ್ಯವಸ್ಥೆ ನಗೆಪಾಟಲಾಗುವ ಬದಲು ಬೀದಿ ಬದಿಯ ಸಾಬಿ ನಗೆಪಾಟಲಾಗುತ್ತಾನೆ.

ಇಂಥ ಸಂಕಟ ನಮ್ಮದು ಮಾತ್ರವಲ್ಲ. ಲಂಡನ್ನಿನಲ್ಲಿ ಐರಿಷ್ ದಂಪತಿಗೆ ಹುಟ್ಟಿದ ಮಾರ್ಟಿನ್ ಮೆಕ್‌ಡೊನಾ ಎಂಬ ನಾಟಕಕಾರನ 'ದಿ ಲೆಫ್ಟಿನೆಂಟ್ ಆಫ್ ಇನಿಶ್‌ಮೋರ್' 2001ರಲ್ಲಿ ಇಂಗ್ಲೆಂಡಿನಲ್ಲಿ ರಂಗಕ್ಕೆ ಬಂತು. ಒಂದು ಬೆಕ್ಕು ಸತ್ತಿತೆಂಬ ಕಾರಣಕ್ಕೆ ಐರಿಷ್ ಉಗ್ರಗಾಮಿಗಳು ಒಬ್ಬರನ್ನೊಬ್ಬರು ಕೊಲ್ಲುವ ನಾಟಕ ಅದು. ರಂಗದ ಮೇಲೆಯೇ ಹೆಣಗಳನ್ನು ಕತ್ತರಿಸುತ್ತಾರೆ, ಸಭಿಕರು ಬಿದ್ದು ಬಿದ್ದು ನಗುತ್ತಾರೆ. ಕೊನೆಯಲ್ಲಿ ಬೆಕ್ಕು ಜೀವಂತವಾಗಿ ನಡೆದು ಬರುತ್ತದೆ. ಹಿಂಸೆಯ ಮೂರ್ಖತನವನ್ನು ಇದಕ್ಕಿಂತ ಚೆನ್ನಾಗಿ ತೋರಿಸಲಾಗದು ಎಂದವರಿದ್ದಾರೆ. ಐರಿಷ್ ಜನರನ್ನು ಪೆದ್ದರಾಗಿ ತೋರಿಸಿ ಇಂಗ್ಲಿಷರನ್ನು ನಗಿಸುವ ಆಟ ಎಂದು ಮೆಕ್‌ಡೊನಾನ ನಾಟಕಗಳ ಮೇಲೆ ಆಕ್ಷೇಪ ಎತ್ತಿದವರೂ ಇದ್ದಾರೆ. ಯಾರ ಮುಂದೆ, ಯಾರ ಬಗ್ಗೆ ನಗಿಸುತ್ತಿದ್ದೇವೆ ಎಂಬುದನ್ನು ಮರೆತು ಹಾಸ್ಯವನ್ನು ಅಳೆಯಲಾಗದು ಎಂಬುದಷ್ಟೇ ಇದರಿಂದ ನಾವು ತೆಗೆದುಕೊಳ್ಳಬೇಕಾದ ಪಾಠ.

ಹೆಣ ಕಾಯುವವನು

ಮಗುವಿನ ದೃಶ್ಯಕ್ಕೆ ಮರಳೋಣ. ಇದು ಏಳನೆಯ ದೃಶ್ಯ. ರಾಜಧಾನಿ ದಿಲ್ಲಿಯಿಂದ ದೌಲತಾಬಾದಿಗೆ ಹೋಗುತ್ತಿದೆ, ಜನರೂ ನಡೆಯುತ್ತಿದ್ದಾರೆ. ದಾರಿಯ ಶಿಬಿರವೊಂದರಲ್ಲಿ ಬ್ರಾಹ್ಮಣ ಅಧಿಕಾರಿಯ ವೇಷದ ಅಜೀಜ್ ಕುಳಿತಿದ್ದಾನೆ. ತಾಯಿ ಬರುತ್ತಾಳೆ. ಬಳಿಕ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡ ಒಬ್ಬ ಗಂಡಸು ಬರುತ್ತಾನೆ. ದಿಲ್ಲಿಯಲ್ಲಿ ಅವನ ಕೆಲಸ ಹೆಣ ಕಾಯುವುದು. ಮರಣದಂಡನೆಗೆ ಗುರಿಯಾದವರ ಶವಗಳನ್ನು ಜನ ನೋಡಲೆಂದು ಇಟ್ಟಿರುತ್ತಾರೆ. ಅವನ್ನು ಯಾರೂ ಕದ್ದೊಯ್ಯದಂತೆ ಕಾಯಬೇಕು. ಕದಿಯಲು ಬರುವವರು ಬೇರೆ ಯಾರೂ ಅಲ್ಲ, ಸತ್ತವರ ಬಂಧುಗಳೇ. ತನ್ನ ಉದ್ಯೋಗದ ಕಷ್ಟಸುಖವನ್ನು ಅವನು ಯಾವುದೋ ಗೋದಾಮಿನ ಕಾವಲುಗಾರನ ಹಾಗೆ ವಿವರಿಸುತ್ತಾನೆ.

ಈ ಭಾಗ ನಾಟಕಕಾರರ ಬರಿಯ ಕಲ್ಪನೆಯಲ್ಲ. ಮೊರಾಕ್ಕೋದ ಪ್ರವಾಸಿ ಇಬ್ನ್ ಬತೂತಾ ಮುಹಮ್ಮದ್ ಬಿನ್ ತುಘಲಕನ ಕಾಲದಲ್ಲಿ (1325-1351) ದಿಲ್ಲಿಗೆ ಬಂದು ಖಾಜಿಯಾಗಿದ್ದವನು. ಅರಮನೆಯ ಬಾಗಿಲಲ್ಲಿ ಕೊಲ್ಲಲ್ಪಟ್ಟವರ ಶವಗಳು ಮೂರು ದಿನ ಬಿದ್ದಿರುತ್ತಿದ್ದವೆಂದು ಅವನು ಬರೆದಿಟ್ಟಿದ್ದಾನೆ. ಅದೇ ಇಬ್ನ್ ಬತೂತಾ ಇನ್ನೊಂದನ್ನೂ ಬರೆದಿದ್ದಾನೆ. ತನ್ನ ಸಹೋದರನನ್ನು ಅಕಾರಣವಾಗಿ ಕೊಲ್ಲಿಸಿದರೆಂದು ಹಿಂದೂ ಮುಖಂಡನೊಬ್ಬ ಸುಲ್ತಾನನ ಮೇಲೆ ಖಾಜಿಗೆ ದೂರು ಕೊಟ್ಟಾಗ, ಸುಲ್ತಾನ ಆಯುಧವಿಲ್ಲದೆ, ಕಾಲ್ನಡಿಗೆಯಲ್ಲಿ ನ್ಯಾಯಾಲಯಕ್ಕೆ ಹೋಗಿ ತೀರ್ಪಿಗೆ ತಲೆಬಾಗಿದನಂತೆ. ಒಬ್ಬನೇ ದೊರೆಯ ಬಾಗಿಲಲ್ಲಿ ನ್ಯಾಯವೂ ಹೆಣಗಳೂ ಜೊತೆಜೊತೆಗೆ ಇದ್ದವು. ಕಾರ್ನಾಡರು ಮೊದಲನೆಯದನ್ನು ಅಜೀಜನ ದಾವೆಯಾಗಿಸಿದರು, ಎರಡನೆಯದನ್ನು ಹೆಣ ಕಾಯುವವನ ಸಂಸಾರವಾಗಿಸಿದರು. ಇತಿಹಾಸದ ಒಂದು ಗಂಭೀರ ಘಟನೆ, ಒಂದು ಭಯಾನಕ ಸಂಗತಿ ಎರಡೂ ಬೀದಿಗೆ ಇಳಿದಾಗ ನಗೆಯಾದವು. ಬೀದಿಯವನಿಗೆ ಭಯಾನಕವೂ ಒಂದು ನೌಕರಿ.

ಹಾಗಾದರೆ ಜನ ಯಾಕೆ ನಕ್ಕರು? ಬಸ್ಸಿನಲ್ಲಿ ಆಪಾರಿಗೆ ಮೊದಲು ಉತ್ತರಿಸಿದವರು ಚಾಚಾ. "ಆ ಅಧಿಕಾರಿ ಮಾತಾಡೋ ರೀತಿ ನಮಗೆ ಗೊತ್ತಲ್ಲ ಬೇಟಿ. ಕಿಟಕಿಯ ಆ ಕಡೆ ಕೂತವರು ಹಾಗೇ ಮಾತಾಡೋದು. 'ನಾನೇನು ಮಾಡ್ಲಿ, ಮೇಲಿನವರ ಆರ್ಡರ್' ಅಂತಾರೆ. ಆಮೇಲೆ ರೇಟು ಹೇಳ್ತಾರೆ. ನಾನು ನಕ್ಕಿದ್ದು ಅದಕ್ಕೆ." ಅವರ ಉತ್ತರದಲ್ಲಿ ಹುರುಳಿದೆ. ಗುರುತು ಸಿಕ್ಕಿದಾಗ ಬರುವ ನಗು ಇದು. ನಮ್ಮನ್ನು ಒಂಟಿಯಾಗಿ ಸುಲಿದ ಕಿಟಕಿಯನ್ನು ಸಾವಿರ ಜನರ ನಡುವೆ ಬೆಳಕಿನಲ್ಲಿ ನೋಡಿದಾಗ, 'ಓ, ಇವರಿಗೂ ಗೊತ್ತು' ಎಂಬ ಸಮಾಧಾನ ನಗೆಯಾಗಿ ಹೊರಬರುತ್ತದೆ. ಈ ನಗೆಯನ್ನು ನಿರ್ದಯ ಎನ್ನಲಾಗದು.

ಆದರೆ ಈ ಉತ್ತರ ಪೂರ್ತಿಯಲ್ಲ. ಕಿಟಕಿಯವನನ್ನು ಗುರುತಿಸಿ ನಗುವಾಗ ನಾವು ನೋಡುವುದು ಅವನನ್ನೇ, ಕಿಟಕಿಯ ಈಚೆ ನಿಂತವಳನ್ನಲ್ಲ. ನಾವು ನೋಡಿದ ಪ್ರದರ್ಶನದಲ್ಲಿ ಅಜೀಜನ ಪಾತ್ರಧಾರಿ ಸಭಿಕರ ಕಡೆಗೆ ತಿರುಗಿ ಕಣ್ಣು ಮಿಟುಕಿಸುತ್ತಾ ತನ್ನ ಮಾತು ಹೇಳುತ್ತಿದ್ದ. ತಾಯಿ ಪಾತ್ರದ ಹುಡುಗಿ ರಂಗದ ಅಂಚಿನಲ್ಲಿ, ಅರೆಬೆಳಕಿನಲ್ಲಿ ನಿಂತಿದ್ದಳು. ನಗೆ ಬಂದಷ್ಟೂ ಅವನು ಮಾತನ್ನು ಎಳೆಯುತ್ತಿದ್ದ, ಅವಳ ಅಳು ಕೇಳುತ್ತಿರಲಿಲ್ಲ. ಪ್ರದರ್ಶನದ ದೊಡ್ಡ ದೋಷವೆಂದರೆ ಇದೇ. ಈ ದೃಶ್ಯದಲ್ಲಿ ಆಜಂ ಸುಮ್ಮನೆ ಇಟ್ಟ ಪಾತ್ರವಲ್ಲ. ಅವಳನ್ನು ಬಿಟ್ಟುಬಿಡು ಎಂದು ಕೇಳುವವನು ಅವನೊಬ್ಬನೇ. ಜೇಬುಗಳ್ಳನಿಗೂ ಅಯ್ಯೋ ಅನಿಸಿದ ಕಡೆ ಸಭಿಕರಿಗೆ ಅನಿಸದಿದ್ದರೆ ನಟನೆಯಲ್ಲಿ ಎಲ್ಲೋ ತಾಳ ತಪ್ಪಿದೆ ಎಂದೇ ಅರ್ಥ.

2020ರ ನಮ್ಮ ನಗೆ

ಇಷ್ಟು ಹೇಳಿ ನಟರ ಮೇಲೆ, ಹಿಂದಿನ ಸಾಲಿನವರ ಮೇಲೆ ತಪ್ಪು ಹೊರಿಸಿ ಮುಗಿಸಬಹುದಿತ್ತು. ಮುಗಿಸಲು ಬಿಡದವರು ಆಪಾ. ಜಕ್ಕೂರು ದಾಟುವಾಗ ಅವರು ಕಿಟಕಿಯಾಚೆ ರಸ್ತೆ ತೋರಿಸಿ, "ಇದೇ ರಸ್ತೆಯಲ್ಲಲ್ವಾ ಅವರೆಲ್ಲ ನಡೆದು ಹೋಗಿದ್ದು" ಎಂದರು.

2020ರ ಮಾರ್ಚ್ 24ರ ರಾತ್ರಿ ಎಂಟು ಗಂಟೆಗೆ ಘೋಷಣೆಯಾಗಿ, ನಡುರಾತ್ರಿಯಿಂದ ದೇಶಕ್ಕೆ ಬೀಗ ಬಿತ್ತು. ಆ ಬಳಿಕದ ವಾರಗಳಲ್ಲಿ ಕಟ್ಟಡ ಕೆಲಸದವರು ಬಳ್ಳಾರಿ ರಸ್ತೆ ಹಿಡಿದು ಉತ್ತರಕ್ಕೆ ನಡೆದು ಹೋದದ್ದನ್ನು ಯಲಹಂಕದ ಕಡೆಯ ನಾವು ಕಂಡಿದ್ದೇವೆ. ತಲೆಯ ಮೇಲೆ ಗಂಟು, ಕಂಕುಳಲ್ಲಿ ಮಗು. ಅಟ್ಟೂರಿನಲ್ಲಿ ನಮ್ಮ ಎದುರಿನ ಅರ್ಧ ಕಟ್ಟಿದ ಮನೆಯಲ್ಲಿ ಕಲ್ಯಾಣ ಕರ್ನಾಟಕದ ಕಡೆಯ ಒಂದು ಗಾರೆ ಕೆಲಸದ ಕುಟುಂಬವಿತ್ತು. ಒಂದು ಬೆಳಿಗ್ಗೆ ನೋಡಿದರೆ ಅವರಿಲ್ಲ. ಒಲೆ ಹೂಡಿದ್ದ ಮೂರು ಇಟ್ಟಿಗೆ ಮಾತ್ರ ಉಳಿದಿತ್ತು. ಪಾಸ್ ಇಲ್ಲದೆ ಹೋಗುವಂತಿಲ್ಲ, ಪಾಸ್ ಪಡೆಯುವ ದಾರಿ ಅವರಿಗೆ ಗೊತ್ತಿಲ್ಲ. ದೌಲತಾಬಾದಿನ ದಾರಿ ನಮ್ಮ ಬಾಗಿಲಲ್ಲೇ ಹಾದು ಹೋಗಿತ್ತು.

ಆ ದಿನಗಳಲ್ಲಿ ನಾವು ಏನು ಮಾಡುತ್ತಿದ್ದೆವು? ಬಡಾವಣೆಯವರು ಸೇರಿ ಅಕ್ಕಿ ಬೇಳೆ ಹಂಚಿದ್ದು ನಿಜ. ಇನ್ನೊಂದೂ ನಿಜ. ರಸ್ತೆಗೆ ಬಂದವರಿಗೆ ಪೊಲೀಸರು ಲಾಠಿ ಬೀಸುವ, ಬಸ್ಕಿ ಹೊಡೆಸುವ, ಕಪ್ಪೆಯಂತೆ ಕುಪ್ಪಳಿಸುವಂತೆ ಮಾಡುವ ವಿಡಿಯೋಗಳು ಮೊಬೈಲಿನಲ್ಲಿ ಬರುತ್ತಿದ್ದವು. ಅವಕ್ಕೆ ಯಾರೋ ಸಿನೆಮಾ ಹಾಡು ಸೇರಿಸಿರುತ್ತಿದ್ದರು. ನಾವು ನೋಡಿ ನಕ್ಕೆವು, ಇನ್ನೊಬ್ಬರಿಗೆ ಕಳಿಸಿದೆವು. ಆ ಏಟು ತಿಂದವನು ಹಾಲಿಗೆ ಹೊರಟಿದ್ದನೋ, ಔಷಧಿಗೆ ಹೊರಟಿದ್ದನೋ ಯಾರೂ ಕೇಳಲಿಲ್ಲ. ಅದೇ ವಾರಗಳಲ್ಲಿ ರೋಗ ಹಬ್ಬಿಸುವವರೆಂದು ನಮ್ಮ ಸಮುದಾಯದ ಮೇಲೆ ನಗೆಚಿತ್ರಗಳು ಹರಿದಾಡಿದಾಗ ಮಾತ್ರ ನಗು ಎಷ್ಟು ಚುಚ್ಚುತ್ತದೆಂದು ನಮಗೆ ತಿಳಿಯಿತು. ಬೇರೆಯವರ ಬೆನ್ನಿನ ಮೇಲೆ ಬಿದ್ದ ಲಾಠಿಗೆ ನಕ್ಕಾಗ ತಿಳಿದಿರಲಿಲ್ಲ.

ಆಪಾ ನಕ್ಕು ಬಳಿಕ ಬೆಚ್ಚಿದ್ದು ಇದಕ್ಕೇ. ನಗೆ ಬರುವುದು ಪಾಪವಲ್ಲ, ಅದು ಕೆಮ್ಮಿನ ಹಾಗೆ ಕೇಳದೆ ಬರುತ್ತದೆ. ನಕ್ಕ ಮೇಲೆ ನಾವು ಯಾರ ಕಡೆ ನೋಡುತ್ತೇವೆ ಎಂಬುದು ಮುಖ್ಯ. 1970ರಲ್ಲಿ ಇಟಲಿಯ ದಾರಿಯೋ ಫೋ, ಮಿಲಾನಿನ ಪೊಲೀಸ್ ಕಚೇರಿಯ ಕಿಟಕಿಯಿಂದ ಬಿದ್ದು ಸತ್ತ ರೈಲ್ವೆ ಕಾರ್ಮಿಕನೊಬ್ಬನ ಪ್ರಕರಣವನ್ನು ಎತ್ತಿಕೊಂಡು ಒಂದು ಪ್ರಹಸನ ಬರೆದ. ಅತ್ತು ಹಗುರಾಗಿ ಮನೆಗೆ ಹೋಗುವುದಕ್ಕಿಂತ, ನಗುತ್ತಾ ಸಿಟ್ಟನ್ನು ಒಳಗೇ ಉಳಿಸಿಕೊಂಡು ಹೋಗುವುದು ಮೇಲು ಎಂಬುದು ಅವನ ನಂಬಿಕೆಯಾಗಿತ್ತು. ನಗೆ ಸಿಟ್ಟನ್ನು ಕಾಯ್ದಿಡಬಲ್ಲದು, ಸಿಟ್ಟನ್ನು ಕರಗಿಸಿಯೂ ಬಿಡಬಲ್ಲದು. ಒಂದೇ ಸಭಾಂಗಣದಲ್ಲಿ ಪಕ್ಕಪಕ್ಕದ ಕುರ್ಚಿಯಲ್ಲಿ ಎರಡೂ ನಡೆಯುತ್ತವೆ.

ಸುಲ್ತಾನ ನಗುತ್ತಾನೆ, ಬರನಿ ಸಿಡಿಯುತ್ತಾನೆ

ನಾಟಕ ಮುಂದುವರಿದಂತೆ ಅಜೀಜ್ ಖಲೀಫರ ವಂಶದ ಗಿಯಾಸುದ್ದೀನನನ್ನು ಕೊಲ್ಲುತ್ತಾನೆ. ಅವನ ನಿಲುವಂಗಿ ತೊಟ್ಟು ದೌಲತಾಬಾದಿಗೆ ಬರುತ್ತಾನೆ. ಇತಿಹಾಸದ ಗಿಯಾಸುದ್ದೀನ್ ಹೀಗೆ ಕೊಲೆಯಾದವನಲ್ಲ. ಸುಲ್ತಾನ ಅವನ ಮುಂದೆ ಮಲಗಿ ಕುತ್ತಿಗೆಯ ಮೇಲೆ ಕಾಲಿಡುವಂತೆ ಒತ್ತಾಯಿಸಿದನೆಂದು ಇಬ್ನ್ ಬತೂತಾ ಹೇಳುತ್ತಾನೆ. ಕಾರ್ನಾಡರು ಆ ಕಾಲಿನ ಜಾಗದಲ್ಲಿ ಅಗಸನ ಕಾಲನ್ನಿಟ್ಟರು. ಕಾಲಿಗೆರಗಿದ ಸುಲ್ತಾನನನ್ನು ಕಂಡು ಜನ ಮತ್ತೆ ನಗುತ್ತಾರೆ. ಆದರೆ ಗುಂಪಿನಲ್ಲಿ ಅದೇ ತಾಯಿ ಇದ್ದಾಳೆ. ಅವಳು ಅಜೀಜನ ಕಣ್ಣುಗಳನ್ನು ಗುರುತು ಹಿಡಿಯುತ್ತಾಳೆ. ತನ್ನ ಮಗುವನ್ನು ಕೊಂದವನು ಇವನೇ ಎಂದು ಕೂಗುತ್ತಾಳೆ. ನಾವು ಮರೆತವಳನ್ನು ನಾಟಕ ಮರೆತಿಲ್ಲ. ನಾವು ನೋಡಿದ ಪ್ರದರ್ಶನದಲ್ಲಿ ಈ ಕೂಗಿನ ಹೊತ್ತಿಗೆ ಸಭಾಂಗಣ ಒಮ್ಮೆಗೇ ತಣ್ಣಗಾಯಿತು. ಏಳನೆಯ ದೃಶ್ಯದಲ್ಲಿ ಕೊಟ್ಟ ನಗುವನ್ನು ನಾಟಕ ಇಲ್ಲಿ ವಾಪಸು ಕೇಳಿತು.

ಕೊನೆಯ ದೃಶ್ಯದಲ್ಲಿ ಅಜೀಜ್ ಸಿಕ್ಕಿಬೀಳುತ್ತಾನೆ. ಅವನಿಗೆ ಹೆದರಿಕೆಯಿಲ್ಲ. ನಿಮ್ಮ ಪ್ರತಿಯೊಂದು ಕನಸನ್ನೂ ನಂಬಿ ನಡೆದ ಶಿಷ್ಯ ನಾನೊಬ್ಬನೇ ಎಂದು ಸುಲ್ತಾನನ ಮುಂದೆಯೇ ತನ್ನ ಕತೆ ಹೇಳುತ್ತಾನೆ. ನ್ಯಾಯದ ಕಾನೂನು ಬಂದಾಗ ದಾವೆ ಹೂಡಿದ, ತಾಮ್ರದ ನಾಣ್ಯ ಬಂದಾಗ ಖೋಟಾ ನಾಣ್ಯ ಮಾಡಿದ. ಸುಲ್ತಾನ ಅವನ ಮಾತಿಗೆ ಮರುಳಾಗುತ್ತಾನೆ. ಶಿಕ್ಷೆಯ ಬದಲು ದಖ್ಖನದಲ್ಲಿ ಅಧಿಕಾರ ಕೊಟ್ಟು ಕಳಿಸುತ್ತಾನೆ. ಪಕ್ಕದಲ್ಲಿ ನಿಂತು ಕೇಳುತ್ತಿದ್ದ ಬರನಿ, ಸಾಧು ಸ್ವಭಾವದ ಆ ಇತಿಹಾಸಕಾರ, ತಡೆಯಲಾರದೆ ಸಿಡಿಯುತ್ತಾನೆ. ಇವನನ್ನು ಈಗಲೇ ಜೀವಂತ ಹೂಳಬೇಕು ಎನ್ನುತ್ತಾನೆ.

ನಮ್ಮ ಮಟ್ಟಿಗೆ ಇಡೀ ನಾಟಕದ ಬೀಗದ ಕೈ ಇರುವುದು ಇಲ್ಲಿ. ಸುಲ್ತಾನ ಮತ್ತು ಬರನಿ ಇಬ್ಬರೂ ಈ ದೃಶ್ಯದಲ್ಲಿ ಪ್ರೇಕ್ಷಕರು. ಒಬ್ಬ ಕೊಲೆಗಾರನ ಚಾತುರ್ಯಕ್ಕೆ ಸೋತು ಮೆಚ್ಚುವ ಪ್ರೇಕ್ಷಕ, ಎರಡು ಗಂಟೆಯಿಂದ ನಾವು ಮಾಡುತ್ತಿದ್ದುದೂ ಅದೇ. ಇನ್ನೊಬ್ಬ ರೊಚ್ಚಿಗೆದ್ದ ಪ್ರೇಕ್ಷಕ. ಆದರೆ ಅವನ ನ್ಯಾಯದ ಸಿಟ್ಟಿನಿಂದ ಹೊರಬಿದ್ದದ್ದೂ ಮತ್ತೊಂದು ಹಿಂಸೆಯೇ. ನಗುವವನು ಕೊಲೆಯನ್ನು ಕ್ಷಮಿಸಿಬಿಟ್ಟ, ಸಿಡಿದವನು ಇನ್ನೊಂದು ಕೊಲೆಯನ್ನು ಕೇಳಿದ. ಬರನಿ ತನ್ನ ಮಾತಿಗೆ ತಾನೇ ಬೆದರಿ ದರ್ಬಾರು ಬಿಟ್ಟು ಹೋಗುತ್ತಾನೆ. ಇತಿಹಾಸದ ಜಿಯಾವುದ್ದೀನ್ ಬರನಿ ಹದಿನೇಳು ವರ್ಷಗಳಿಗೂ ಹೆಚ್ಚು ಕಾಲ ಈ ಸುಲ್ತಾನನ ಆಸ್ಥಾನದಲ್ಲಿದ್ದು, ಹೇಳಬೇಕಾದ ಹೊತ್ತಿನಲ್ಲಿ ಸತ್ಯ ಹೇಳದೆ ಉಳಿದದ್ದಕ್ಕೆ ಮುದಿತನದಲ್ಲಿ ತನ್ನ ಗ್ರಂಥದಲ್ಲಿ ಪರಿತಪಿಸಿದವನು. ಅವನ ಆ ಪರಿತಾಪದ ಭಾರವನ್ನು ನಾಟಕದ ಬರನಿ ಹೊತ್ತಿದ್ದಾನೆ.

ನಾಟಕದ ಬಗ್ಗೆ ನಮಗೊಂದು ತಕರಾರು ಇದೆ. ಅಜೀಜನಿಗೆ ಹೆಸರು ಒಂದಲ್ಲ, ಮೂರು. ಅಜೀಜ್, ವಿಷ್ಣುಪ್ರಸಾದ, ಗಿಯಾಸುದ್ದೀನ್. ಮಗು ಕಳೆದುಕೊಂಡವಳಿಗೆ ಒಂದು ಹೆಸರೂ ಇಲ್ಲ, ಅವಳು ಬರೀ 'ಹಿಂದೂ ಹೆಂಗಸು'. ಕೊನೆಯ ದೃಶ್ಯದಲ್ಲಿ ಸುಲ್ತಾನ, ಬರನಿ ಮತ್ತು ಅಜೀಜ್ ಅವಳ ಮಗುವಿನ ಸಾವಿನ ಸುತ್ತ ಇಷ್ಟೆಲ್ಲ ಮಾತಾಡುವಾಗ ಅವಳು ಅಲ್ಲಿ ಇರುವುದಿಲ್ಲ. ಅವಳನ್ನು ಹೆಸರಿಲ್ಲದೆ ಬಿಟ್ಟದ್ದರಿಂದಲೇ ಅವಳ ಎದುರು ನಗುವುದು ಸಭಿಕರಿಗೆ ಸುಲಭವಾಯಿತೇ? ಸತ್ತವರ ಬಂಧುಗಳನ್ನು ಹೆಣಗಳ್ಳರೆಂದು ಕರೆಯುವ ವ್ಯವಸ್ಥೆಯನ್ನು ಗೇಲಿ ಮಾಡಿದ ನಾಟಕಕಾರರು ಈ ತಾಯಿಗೆ ಒಂದು ಹೆಸರು ಕೊಡಬಹುದಿತ್ತು.

ನಾಟಕ ಮುಗಿಯುವುದು ಅಜಾನಿನೊಂದಿಗೆ. ಸಿಂಹಾಸನದಲ್ಲೇ ನಿದ್ದೆಗೆ ಜಾರಿದ ಸುಲ್ತಾನ ಎಚ್ಚೆತ್ತು, ತಾನು ಎಲ್ಲಿದ್ದೇನೆಂದು ತಿಳಿಯದೆ ಸುತ್ತಲೂ ನೋಡುತ್ತಾನೆ. ಆ ಹೊತ್ತಿಗೆ ನಮ್ಮ ಸುತ್ತ ಯಾರೂ ನಗಲಿಲ್ಲ. ಹಿಂದಿನ ಸಾಲೂ ಸುಮ್ಮನಿತ್ತು.

ಯಲಹಂಕ ಉಪನಗರದಲ್ಲಿ ಬಸ್ಸಿಳಿದು ಅಟ್ಟೂರಿನ ಕಡೆ ನಡೆಯುವಾಗ ಹುಡುಗ ಮೇಷ್ಟ್ರನ್ನು ಕೇಳಿದ: "ಸಾರ್, ಹಿಂದೆ ಕೂತವರು ಹಾಗೆ ಅಂದಾಗ ನಿಮಗೂ ಕೇಳಿಸ್ತಾ?" ಮೇಷ್ಟ್ರು ಸ್ವಲ್ಪ ದೂರ ಮಾತಾಡದೆ ನಡೆದರು. "ಕೇಳಿಸ್ತಪ್ಪ. ತಿರುಗಿ ಒಂದು ಮಾತು ಹೇಳಬೇಕಿತ್ತು. ಹೇಳಲಿಲ್ಲ" ಎಂದರು. ಚಾಚಾ ಅವರ ಹೆಗಲ ಮೇಲೆ ಕೈ ಹಾಕಿದರು. ಆಪಾ, ಮುಂದಿನ ಸಲ ಈ ನಾಟಕ ಬಂದರೆ ಮತ್ತೆ ಹೋಗೋಣ ಎಂದರು. ಆ ತಾಯಿ ನಿಂತ ಕಡೆಯೇ ನೋಡುತ್ತಾ ಕೂರುತ್ತೇನೆ, ಆಗಲೂ ನಗು ಬರುತ್ತದೋ ನೋಡಬೇಕು ಎಂದರು.